ಕೆಂಪು ಚಿಪ್ಸು

ಬೆಳಿಗ್ಗೆ ಎದ್ದ ಪದ್ಮರಾಜಯ್ಯ ಹಲ್ಲುಜ್ಜುವುದಕ್ಕೂ ಮುಂಚೆ ಮಾಡಿದ ಕೆಲಸ ಇಡೀ ಜಗತ್ತಿನ ಕ್ಷಮೆ ಕೇಳಿದ್ದು. ಹಾಸಿಗೆಯ ಮೇಲೆ ಕೂತು, ಕನ್ನಡಕ ಏರಿಸಿ, ಫೋನಿನಲ್ಲಿದ್ದ ಹೆಸರುಗಳಿಗೆಲ್ಲ ಒಂದೇ ಸಾಲನ್ನು ಕಳಿಸುತ್ತ ಹೋದ. ಗೊತ್ತಿದ್ದೋ ಗೊತ್ತಿಲ್ಲದೆಯೋ ನನ್ನ ಮನಸ್ಸಿನಿಂದ, ಮಾತಿನಿಂದ, ಕೆಲಸದಿಂದ ತಮಗೆ ನೋವಾಗಿದ್ದರೆ ಕ್ಷಮಿಸಬೇಕು. ಭಾದ್ರಪದದ ಪರ್ವ ಮುಗಿದ ಮೇಲೆ ಜೈನರ ಮನೆಗಳಲ್ಲಿ ಒಬ್ಬರಿಗೊಬ್ಬರು ಹೀಗೆ ಕೈಮುಗಿದು ಕೇಳುವ ಕ್ಷಮಾವಣಿ ಇದ್ದದ್ದು ನಾಳೆ. ಆದರೆ ನಾಳೆ ಎಲ್ಲರ ಫೋನೂ ಕ್ಷಮೆಯಿಂದ ತುಂಬಿಹೋಗಿ ಯಾರದು ಯಾವುದು ಅಂತ ತಿಳಿಯದ ಹಾಗಾಗುತ್ತದೆಂದು ಅವನು ಪ್ರತಿ ವರ್ಷ ಒಂದು ದಿನ ಮುಂಚೆಯೇ ಕೇಳಿ ಮುಗಿಸುತ್ತಿದ್ದ. ಗ್ಯಾಸ್ ಸಿಲಿಂಡರಿನವನಿಗೆ ಕಳಿಸಿದ. ಅರಕಲಗೂಡಿನ ಬೇಕರಿಯವನಿಗೆ ಕಳಿಸಿದ. ಅವನು ಹೆಬ್ಬೆರಳಿನ ಚಿತ್ರ ಹಾಕಿ ಅಲ್ಲೇ ಕ್ಷಮಿಸಿದ. ಹೊಳೆನರಸೀಪುರದ ಷಡ್ಡಕನಿಗೂ ಹೋಯಿತು. ಆತ ತೀರಿಕೊಂಡು ವರ್ಷವಾಗಿತ್ತು ಅನ್ನುವುದು ಹೋದ ಮೇಲೆ ನೆನಪಾಯಿತು, ಅಷ್ಟರಲ್ಲಿ ಅಲ್ಲಿಂದಲೂ ಎರಡು ನೀಲಿ ಗೆರೆ ಮೂಡಿ, ಓದಿಯಾಯಿತು ಅಂತ ತೋರಿಸಿತು. ಹೀಗೆ ಸತ್ತವರು ಬದುಕಿದವರು ಅನ್ನದೆ ಸರಾಗವಾಗಿ ಇಳಿಯುತ್ತಿದ್ದ ಹೆಬ್ಬೆರಳು ಪುಟ್ಟತಾಯಮ್ಮ ಅನ್ನುವ ಹೆಸರಿನ ಮೇಲೆ ಬಂದು ನಿಂತಿತು. ಗೊತ್ತಿದ್ದೋ ಗೊತ್ತಿಲ್ಲದೆಯೋ ಅನ್ನುವುದರಲ್ಲಿ ಒಂದನ್ನು ಹೊಡೆದುಹಾಕಿ ಕಳಿಸಬೇಕಾದ ಹೆಸರು ಇಡೀ ಫೋನಿನಲ್ಲಿ ಅದೊಂದೇ. ಒಳಗಿಂದ ಹೆಂಡತಿ ಬ್ರಾಹ್ಮಿ, ದುದ್ದಕ್ಕೆ ಹೋಗೋದು ಮರೀಬೇಡಿ, ಪುಟ್ಟತಾಯಮ್ಮನ ಸೊಸೆಗೆ ಇವತ್ತೇ ಮಡಿಲು ತುಂಬೋದಂತೆ, ನಾಳೆಯಿಂದ ಪಿತೃಪಕ್ಷ ಹಿಡಿಯುತ್ತೆ, ಮತ್ತೆ ಒಳ್ಳೇದು ಮಾಡಕ್ಕೆ ಬರಲ್ಲ ಅಂತ ಅವರು ರಾತ್ರಿಯೂ ಫೋನ್ ಮಾಡಿದ್ದರು ಅಂತ ಕೂಗಿ ಹೇಳಿದಳು. ಪದ್ಮರಾಜಯ್ಯ ಫೋನನ್ನು ದಿಂಬಿನ ಕೆಳಗೆ ತಳ್ಳಿ ಎದ್ದ.

ಹಾಸನದ ಹೊರವಲಯದಲ್ಲಿ ಚನ್ನಬಸವಯ್ಯ ಅನ್ನುವವರದು ಒಂದು ಆಲೂಗಡ್ಡೆ ಚಿಪ್ಸ್ ಫ್ಯಾಕ್ಟರಿ. ಪದ್ಮರಾಜಯ್ಯ ಅಲ್ಲಿ ಕ್ವಾಲಿಟಿ ನೋಡುವವನು. ಹುಟ್ಟಿದಾಗಿನಿಂದ ಒಂದು ಚೂರು ಆಲೂಗಡ್ಡೆಯನ್ನೂ ಬಾಯಿಗಿಟ್ಟವನಲ್ಲ. ನೆಲದೊಳಗೆ ಬೆಳೆದದ್ದನ್ನು ಕಿತ್ತರೆ ಅದಕ್ಕೆ ಅಂಟಿಕೊಂಡ ಲೆಕ್ಕವಿಲ್ಲದ ಜೀವಗಳು ಹೋಗುತ್ತವೆಂದು ಅವನ ಮನೆಯಲ್ಲಿ ಗಡ್ಡೆ ತಿನ್ನುವ ವಾಡಿಕೆಯಿಲ್ಲ. ಕೆಲಸ ಕೇಳಲು ಹೋದಾಗ ಇದನ್ನು ಅವನು ತುಸು ಅಂಜಿಕೊಂಡೇ ಹೇಳಿದ್ದ. ಚನ್ನಬಸವಯ್ಯನವರಿಗೆ ಅದೇ ಹಿಡಿಸಿಬಿಟ್ಟಿತು. ಸದ್ಯ, ಸ್ಟಾಕು ಖಾಲಿ ಮಾಡದೇ ಇರೋನು ಒಬ್ಬ ಸಿಕ್ಕಿದ ಅಂದಿದ್ದರು. ಹಾಗೆ ಆಲೂಗಡ್ಡೆ ಕಾಲಿಡದ ಮನೆಗೆ ಪ್ರತಿ ಸಂಜೆ ಪದ್ಮರಾಜಯ್ಯನ ಅಂಗಿಯೊಳಗೆ ಕೂತು ಅದರ ವಾಸನೆ ಬರುತ್ತಿತ್ತು. ಬ್ರಾಹ್ಮಿ ಅಂಗಿಯನ್ನು ಹಿತ್ತಿಲಲ್ಲೇ ಬಿಚ್ಚಿಸುತ್ತಿದ್ದಳು. ಒಮ್ಮೆ ಚನ್ನರಾಯಪಟ್ಟಣಕ್ಕೆ ಬಸ್ಸಿನಲ್ಲಿ ಹೋಗುವಾಗ ಪಕ್ಕದ ಹೆಂಗಸಿನ ತೊಡೆಯ ಮೇಲಿದ್ದ ಮಗು, ಶಾಂತಿಗ್ರಾಮ ದಾಟುವುದರೊಳಗೆ ಅವನ ತೋಳಿನ ಬಟ್ಟೆಯನ್ನು ಮೊಣಕೈವರೆಗೆ ಚೀಪಿ ಮುಗಿಸಿತ್ತು. ತಾಯಿ ಬೈದದ್ದು ಮಗುವನ್ನಲ್ಲ, ಉಪ್ಪು ಜಾಸ್ತಿಯಾಗಿದೆ ಅಂತ ಅವನನ್ನು. ಬಸದಿಯಲ್ಲಿ ಅಭಿಷೇಕದ ಹೊತ್ತಿಗೆ ಹೋಗಿ ಕೂತರೆ ಪಕ್ಕದಲ್ಲಿದ್ದ ನೆಂಟರೊಬ್ಬರು ಮೂಗಿಗೆ ಉತ್ತರೀಯದ ಅಂಚು ತಂದುಕೊಂಡು, ಬಂದ್ರಾ ಗಡ್ಡೆ ಪದ್ಮರಾಜಯ್ಯನೋರು ಅಂತ ನಕ್ಕು, ಒಂದು ಮೊಳ ಆಚೆ ಸರಿದು ಕೂರುತ್ತಿದ್ದರು. ತಮಾಷೆಗೇ ಸರಿಯುತ್ತಿದ್ದರು. ಆದರೂ ಆ ಖಾಲಿ ಒಂದು ಮೊಳದ ಚಾಪೆಯನ್ನು ಪದ್ಮರಾಜಯ್ಯ ಮನೆಯವರೆಗೂ ಹೊತ್ತು ತರುತ್ತಿದ್ದ.

ರುಚಿ ಗೊತ್ತಿಲ್ಲದ್ದರಿಂದ ಅವನಿಗೆ ಬಣ್ಣ ಗೊತ್ತಿತ್ತು. ಖರೀದಿಗೆ ಬಂದವರು ಹೇಗಿದೆ ಸ್ವಾಮಿ ರುಚಿ ಅಂದರೆ, ಚೆನ್ನಾಗಿದೆ ಅಂತ ಜನ ಹೇಳ್ತಾರೆ ಅನ್ನುತ್ತಿದ್ದ. ಬಣ್ಣ ಕೇಳಿದರೆ ಮಾತ್ರ ಮಧ್ಯಾಹ್ನದ ಊಟ ಮರೆಸಿಬಿಡುತ್ತಿದ್ದ. ದೊಡ್ಡ ಊರಿನ ಒಬ್ಬ ಖರೀದಿದಾರ ಬಂದು ನಿಮ್ಮ ಚಿಪ್ಸಿನಲ್ಲಿ ಅಕ್ರಿಲಮೈಡ್ ಎಷ್ಟಿದೆ ಅಂತ ಕೇಳಿದ ದಿನ ಫ್ಯಾಕ್ಟರಿಯಲ್ಲಿ ಎಲ್ಲರೂ, ಅಂಥದ್ದೇನೂ ನಾವು ಹಾಕಲ್ಲ, ಎಣ್ಣೆ ಉಪ್ಪು ಎರಡೇ ಅಂತ ಆಣೆ ಮಾಡಿದ್ದರು. ಪದ್ಮರಾಜಯ್ಯನೊಬ್ಬ ಓದಿ ತಿಳಿದುಕೊಂಡ. ಅದು ಯಾರೂ ಹಾಕುವುದಲ್ಲ, ಬಾಣಲೆಯಲ್ಲಿ ತಾನಾಗಿ ಹುಟ್ಟುವುದು. ಕೋಲ್ಡ್ ಸ್ಟೋರೇಜಿನ ತಂಪಿಗೆ ಗಡ್ಡೆಯೊಳಗೆ ಸಕ್ಕರೆ ಕೂಡುತ್ತದೆ, ಆ ಸಕ್ಕರೆಗೆ ಕಾದ ಎಣ್ಣೆ ತಗುಲಿದಾಗ ಬಿಲ್ಲೆ ಕೆಂಪಗಾಗುತ್ತದೆ, ಕೆಂಪಗಾದಷ್ಟೂ ಆ ಕೆಟ್ಟ ವಸ್ತು ಹೆಚ್ಚು. ದಿನವೂ ಹೊಟ್ಟೆಗೆ ಹೋಗುತ್ತಿದ್ದರೆ ಕ್ಯಾನ್ಸರಿನಂಥದ್ದಕ್ಕೆ ದಾರಿಯಾದೀತೆಂದು ತಿಳಿದವರಿಗೆ ಅನುಮಾನವಿದೆ. ಅವನು ಗಡ್ಡೆಯನ್ನು ಸ್ಟೋರೇಜಿನಿಂದ ತಂದ ಕೂಡಲೇ ಹೆಚ್ಚಲು ಬಿಡದೆ ಶೆಡ್ಡಿನಲ್ಲಿ ಬೆಚ್ಚಗೆ ಹರಡಿಸಿದ. ಹೆಚ್ಚಿದ ಬಿಲ್ಲೆಗಳನ್ನು ಬಿಸಿನೀರಿನಲ್ಲಿ ತೊಳೆಸಿ ಸಕ್ಕರೆ ಬಿಡಿಸಿದ. ಎಣ್ಣೆಯ ಕಾವು ಇಳಿಸಿದ. ಸಂಪಿಗೆ ಬಣ್ಣ ಬರುತ್ತಲೇ ಎತ್ತಿಸಿದ. ಕೊನೆಗೆ, ಎಣ್ಣೆಯಿಂದ ಎದ್ದು ಬೆಲ್ಟಿನ ಮೇಲೆ ಸಾಗುವ ಚಿಪ್ಸಿನ ಎರಡೂ ಕಡೆ ಹೆಂಗಸರನ್ನು ನಿಲ್ಲಿಸಿ, ಎಷ್ಟು ಮಾಡಿದರೂ ಕೆಂಪಗಾಗಿಯೇ ಬರುವವನ್ನು ಒಂದೊಂದಾಗಿ ಕೈಯಿಂದ ಹೆಕ್ಕಿಸಿದ. ಪ್ಯಾಕೆಟ್ಟಿಗೆ ಸಂಪಿಗೆ, ಕ್ರೇಟಿಗೆ ಕೆಂಪು. ಹೊಟ್ಟೆಪಾಡೂ ಅಹಿಂಸೆಯೂ ಒಂದೇ ದಾರಿಯಲ್ಲಿ ಸಿಕ್ಕಿಬಿಟ್ಟವಲ್ಲ ಅಂತ ಅವನ ಎದೆ ಆ ದಿನಗಳಲ್ಲಿ ಎಷ್ಟು ಉಬ್ಬಿತ್ತೆಂದರೆ ಬ್ರಾಹ್ಮಿ ಅಂಗಿಯ ಗುಂಡಿಗಳನ್ನು ಸರಿಸಿ ಹೊಲಿಯಬೇಕಾಯಿತು.

ಕ್ರೇಟು ತುಂಬಿದ ಕೆಂಪು ಚಿಪ್ಸನ್ನು ಏನು ಮಾಡುವುದು ಅಂತ ಯಾರೂ ಯೋಚಿಸಿರಲಿಲ್ಲ. ಗುಂಡಿಗೆ ಸುರಿಯಿರಿ ಅಂದಿದ್ದರು ಚನ್ನಬಸವಯ್ಯ. ಪದ್ಮರಾಜಯ್ಯನಿಗೆ ಮನಸ್ಸು ಬರಲಿಲ್ಲ. ದಿನವೂ ತಿಂದರೆ ತಾನೆ, ವಾರಕ್ಕೊಂದು ಚೀಲದಿಂದ ಏನಾದೀತು ಅಂದುಕೊಂಡ. ಸುರಿಯುವುದಕ್ಕಿಂತ ಹೆಕ್ಕುವ ಹೆಂಗಸರಿಗೇ ಕೊಟ್ಟರೆ ಮನೆಯಲ್ಲಿ ಮಕ್ಕಳಾದರೂ ತಿಂದಾವು ಅಂತ ಶನಿವಾರ ಸಂಜೆ ಗೇಟಿನ ಹತ್ತಿರ ತಾನೇ ಕುರ್ಚಿ ಹಾಕಿಕೊಂಡು ಚೀಲ ಹಂಚತೊಡಗಿದ. ಪ್ಯಾಕೆಟ್ಟಿನದಕ್ಕಿಂತ ಇದರ ಘಮವೇ ಬೇರೆ ಅಂತ ಹೆಂಗಸರೆಲ್ಲ ಕೊಂಡಾಡಿದರು. ಇದ್ದೀತು, ಅವನಿಗೆ ಹೇಗೆ ಗೊತ್ತಾಗಬೇಕು. ಅವನಿಗೆ ಗೊತ್ತಾದದ್ದು ಎರಡೂ ಕೈ ಚಾಚಿ ಚೀಲ ತೆಗೆದುಕೊಂಡು ಹಣೆಗೊತ್ತಿಕೊಳ್ಳುವವರ ಮುಂದೆ ಕೂತಿರುವುದರ ರುಚಿ. ಶನಿವಾರ ಬೆಳಿಗ್ಗೆಯೇ ಅವನು ಒಳ್ಳೆಯ ಅಂಗಿ ಹಾಕಿಕೊಂಡು ಹೋಗುತ್ತಿದ್ದ. ದುದ್ದದ ಪುಟ್ಟತಾಯಮ್ಮ ಸಾಲಿನ ಕೊನೆಯಲ್ಲಿ ಬರುವವಳು. ಹೊಲ, ತೆಂಗು, ಕರೆಯುವ ಹಸು ಎಲ್ಲ ಇದ್ದು, ಕೈಗೊಂದು ತಿಂಗಳ ಸಂಬಳ ಇರಲಿ ಅಂತ ಕೆಲಸಕ್ಕೆ ಬರುತ್ತಿದ್ದಳು. ಪುಕ್ಕಟೆ ತೆಗೆದುಕೊಳ್ಳುವವಳಲ್ಲ. ಸೋಮವಾರ ಬರುವಾಗ ಅವನ ಮೇಜಿನ ಕೆಳಗೆ ಸುಲಿದ ತೆಂಗಿನಕಾಯಿ ಇಟ್ಟು ಹೋಗುತ್ತಿದ್ದಳು.

ಮುಂಗಾರು ಹಿಡಿದ ಹೊಸತರಲ್ಲಿ, ಸ್ಟೋರೇಜಿನ ಹಳೆಯ ಗಡ್ಡೆಯಿಂದ ಕೆಂಪು ಜಾಸ್ತಿ ಬೀಳುತ್ತಿದ್ದಾಗ, ಅವನು ಪ್ಯಾಕೆಟ್ಟಿನ ಚಿಪ್ಸನ್ನು ಬೆಂಗಳೂರಿನ ಲ್ಯಾಬಿಗೆ ಕಳಿಸಿದ. ತನ್ನ ಕೆಲಸದ ಹೆಚ್ಚುಗಾರಿಕೆ ಎದ್ದು ಕಾಣಲಿ ಅನ್ನುವ ಆಸೆಗೆ ಕೆಂಪನ್ನೂ ಒಂದು ಡಬ್ಬಿಗೆ ತುಂಬಿ ಜೊತೆಗಿಟ್ಟ. ಲ್ಯಾಬಿನ ಭಾನುಪ್ರಿಯಾ ಅನ್ನುವ ಹುಡುಗಿ ಫೋನಿನಲ್ಲಿ ಮೊದಲು ಅವನನ್ನು ಹೊಗಳಿದಳು. ಪ್ಯಾಕೆಟ್ಟಿನದು ತುಂಬಾ ಕಡಿಮೆ ಬಂದಿದೆ ಸರ್, ದೊಡ್ಡ ದೊಡ್ಡ ಕಂಪನಿಯವರಿಗೂ ಇಷ್ಟು ಕಡಿಮೆ ಬರಲ್ಲ ಅಂದಳು. ಆಮೇಲೆ ಸ್ವರ ಇಳಿಸಿ, ಆ ಇನ್ನೊಂದು ಡಬ್ಬಿ ಮಾತ್ರ ಬೇಡವೇ ಬೇಡ ಸರ್ ಅಂದಳು. ಅದು ವಿಷ ಅಂತಲ್ಲ, ತಿಂದವರು ನಾಳೆ ಬೆಳಿಗ್ಗೆ ಬಿದ್ದುಹೋಗಲ್ಲ, ಆದರೆ ಇಷ್ಟೊಂದು ಇರೋದನ್ನ ಯಾರೂ ದಿನಾ ತಿನ್ನಬಾರದು, ಮಕ್ಕಳು ಬಸುರಿ ಹೆಂಗಸರಂತೂ ಮುಟ್ಟಬಾರದು. ಇದನ್ನ ನೀವು ಎಸೀತೀರ ತಾನೆ ಅಂದಳು. ಪದ್ಮರಾಜಯ್ಯ, ಹೂಂನಮ್ಮಾ, ದನಕ್ಕೂ ಹಾಕಲ್ಲ ಅಂದ. ಎಷ್ಟು ಸಲೀಸಾಗಿ ಬಂತೆಂದರೆ ಫೋನಿಟ್ಟ ಮೇಲೂ ಒಂದು ಗಳಿಗೆ ಅವನೇ ಅದನ್ನು ನಂಬಿದ್ದ. ಆಮೇಲೆ ಕುರ್ಚಿಯಲ್ಲಿ ಕೂತಲ್ಲೇ ಲೆಕ್ಕ ಹಾಕಿದ. ಸಾವಿರಾರು ಪ್ಯಾಕೆಟ್ಟುಗಳಲ್ಲಿ ಊರಿಗೆಲ್ಲ ಅಷ್ಟಷ್ಟು ಹಂಚಿಹೋಗುತ್ತಿದ್ದುದನ್ನು ತಾನು ಒಂದೊಂದಾಗಿ ಹೆಕ್ಕಿಸಿ, ಒಟ್ಟು ಮಾಡಿ, ಹೆಕ್ಕಿದವರ ಮನೆಗೇ ಹೊರಿಸಿ ಕಳಿಸಿದ್ದ.

ಆ ಶನಿವಾರ ನಿಲ್ಲಿಸಿಬಿಡಬೇಕು ಅಂತಲೇ ಕುರ್ಚಿ ಹಾಕಿಕೊಂಡ. ಇವತ್ತಿಂದ ಇಲ್ಲ ಅಂದರೆ ಯಾಕೆ ಅನ್ನುತ್ತಾರೆ. ಯಾಕೆ ಅಂದರೆ ಇಷ್ಟು ದಿನ ಅನ್ನುತ್ತಾರೆ. ಬಾಯಲ್ಲಿ ಮಾತನ್ನು ಹೊರಳಿಸುತ್ತಿದ್ದಾಗ ಸಾಲಿನ ಕೊನೆಯಲ್ಲಿದ್ದ ಪುಟ್ಟತಾಯಮ್ಮ ಹತ್ತಿರ ಬಂದು, ಸೊಸೆ ಬಸುರಿ, ನೀರು ಕುಡಿದರೂ ಕಕ್ಕುತ್ತಾಳೆ, ನಿಮ್ಮ ಚಿಪ್ಸೊಂದೇ ಹೊಟ್ಟೆಯಲ್ಲಿ ನಿಲ್ಲುವುದು ಅಂತ ಪಿಸುಗುಟ್ಟಿದಳು. ಪದ್ಮರಾಜಯ್ಯ ಅವಳಿಗೆ ಎರಡು ಚೀಲ ಕೊಟ್ಟ. ಒಂದು ಕೊಡಬೇಕಾಗಿದ್ದ ಕಡೆ ಎರಡು. ಆಮೇಲಿನ ಶನಿವಾರಗಳಲ್ಲೂ ಕೊಟ್ಟ. ಕೊಡುವಾಗ ಅವಳ ಮುಖ ನೋಡುವುದನ್ನು ಬಿಟ್ಟು ಕೈಯನ್ನು ಮಾತ್ರ ನೋಡುವುದನ್ನು ಕಲಿತ. ಪರ್ವದ ಹತ್ತು ದಿನವೂ ಒಪ್ಪತ್ತು ಮಾಡಿದ, ನಿನ್ನೆ ಚತುರ್ದಶಿಗೆ ನಿರಾಹಾರ ಇದ್ದ, ಕುಡಿಯುವ ನೀರನ್ನು ಎರಡೆರಡು ಸಲ ಸೋಸಿದ. ನಡುವೆ ಬಂದ ಎರಡು ಶನಿವಾರ ಮಾತ್ರ, ನಿನ್ನೆಯದೂ ಸೇರಿ, ಒಳ್ಳೆಯ ಅಂಗಿ ಹಾಕಿಕೊಂಡು ಹೋಗಿ ಹಂಚಿದ.

ಸ್ಕೂಟರಿನಲ್ಲಿ ದುದ್ದದ ದಾರಿ ಹಿಡಿದಾಗ ಹೂಬಿಸಿಲು. ಎರಡೂ ಕಡೆ ರಾಗಿ ಹಸಿರಾಗಿ ನಿಂತಿತ್ತು. ಅಲ್ಲಲ್ಲಿ ಆಲೂಗಡ್ಡೆ ಅಗೆದು ಮುಗಿಸಿದ ಹೊಲಗಳು ಬಾಯಿ ತೆರೆದುಕೊಂಡಿದ್ದವು. ಹಿಂದೆ ಕೂತ ಬ್ರಾಹ್ಮಿ ಹೂವು, ಹಣ್ಣು, ರವಿಕೆ ಕಣದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಹೆಂಗಸಿನ ತೆಂಗಿನಕಾಯಿ ಎಷ್ಟು ತಿಂದಿದ್ದೀವಿ, ಬರಿಗೈಯಲ್ಲಿ ಹೋಗೋಕಾಗುತ್ತಾ ಅನ್ನುತ್ತಿದ್ದಳು. ಇವಳಿಗೆ ಮೊದಲು ಹೇಳಿ ನೋಡಿದರೆ ಹೇಗೆ. ಮುಖ ಕಾಣುವುದಿಲ್ಲ, ಗಾಳಿಯಲ್ಲಿ ಅರ್ಧ ಹಾರಿಹೋಗುತ್ತದೆ, ಉಳಿದರ್ಧವನ್ನು ಅವಳು ಬೇಕಾದ ಹಾಗೆ ಜೋಡಿಸಿಕೊಳ್ಳಲಿ. ಅವನು ಕತ್ತು ತಿರುಗಿಸಿ, ಆ ಕೆಂಪು ಚಿಪ್ಸು ಇದೆಯಲ್ಲ ಬ್ರಾಹ್ಮಿ, ಅದು ಅಷ್ಟು ಒಳ್ಳೇದಲ್ಲ ಅಂದ. ಬ್ರಾಹ್ಮಿ, ಗಡ್ಡೆ ಯಾವತ್ತು ಒಳ್ಳೇದಿತ್ತು ರೀ, ಮುಂದೆ ನೋಡಿ ಓಡಿಸಿ ಅಂದಳು. ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು. ಒಂದು ಕ್ಷಣ ಅವನಿಗೆ ನಿಜವಾಗಿಯೂ ಹಗುರಾಯಿತು. ಆ ಹಗುರವೇ ಮುಂದಿನ ತಿರುವಿನಲ್ಲಿ ಹೇಸಿಗೆಯಾಗಿ, ಸ್ಕೂಟರು ಗುಂಡಿಗೆ ಇಳಿದು ಹತ್ತಿತು.

ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಪುಟ್ಟತಾಯಮ್ಮನ ಗಂಡ ತಿಮ್ಮಪ್ಪ ಹೊಸ ಪಂಚೆಯುಟ್ಟು ಬಾಗಿಲಲ್ಲಿ ನಿಂತಿದ್ದ. ಪದ್ಮರಾಜಯ್ಯನ ಕೈ ಹಿಡಿದು ಬಂದವರಿಗೆಲ್ಲ ತೋರಿಸಿ, ಇವರೇ ಕಣ್ರಪ್ಪಾ ಚಿಪ್ಸ್ ಸಾಹೇಬ್ರು, ಇವರ ದೆಸೆಯಿಂದ ನಮ್ಮನೆಗೆ ಚಿಪ್ಸಿನಾಸೆಗೆ ಇಲಿ ಕೂಡ ಕೂಲಿಗೆ ಬತ್ತವೆ ಅಂತ ಪರಿಚಯ ಮಾಡಿಕೊಟ್ಟ. ಎಲ್ಲರೂ ನಕ್ಕರು. ಹಾಲಿನ ವ್ಯಾನು ಓಡಿಸುವ ಮಗ ಕುಮಾರ್ ಕುರ್ಚಿ ತಂದು ಫ್ಯಾನಿನ ಕೆಳಗೇ ಹಾಕಿದ. ನಡುಮನೆಯಲ್ಲಿ ಸೊಸೆ ದೀಪಶ್ರೀ ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ ತೊಟ್ಟು ಕೂತಿದ್ದಳು. ಪದ್ಮರಾಜಯ್ಯ ಅವಳನ್ನು ನೋಡಿದ್ದು ಅದೇ ಮೊದಲು. ಇಷ್ಟು ದಿನ ಅವಳು ಅವನಿಗೆ ಒಂದು ಚಾಚಿದ ಕೈಯ ಹಿಂದಿನ ಮಾತಾಗಿದ್ದಳು. ಈಗ ಅವಳಿಗೆ ಮೂಗಿನ ಮೇಲೆ ಬೆವರಿನ ಹನಿಯಿತ್ತು, ಎದುರಿಗೆ ಬೀಗಿ ನಿಂತ ಹೊಟ್ಟೆಯಿತ್ತು, ಹೊಟ್ಟೆಯ ಮೇಲೆ ಯೋಚನೆಯಿಲ್ಲದೆ ಇಟ್ಟುಕೊಂಡ ಅಂಗೈಯಿತ್ತು. ಅವಳ ಮುಂದೆ ತಟ್ಟೆಗಳ ಸಾಲು. ಚಕ್ಕುಲಿ, ಕಜ್ಜಾಯ, ರವೆಉಂಡೆ, ಕೊಬ್ಬರಿ ಮಿಠಾಯಿ. ನಟ್ಟನಡುವೆ, ಹಿತ್ತಾಳೆಯ ಹರಿವಾಣದಲ್ಲಿ ಗೋಪುರದ ಹಾಗೆ ಪೇರಿಸಿಟ್ಟ ಕೆಂಪು ಚಿಪ್ಸು. ಪುಟ್ಟತಾಯಮ್ಮ ಅದರ ನೆತ್ತಿಗೆ ಒಂದು ಗುಲಾಬಿ ಹೂ ಸಿಕ್ಕಿಸಿದ್ದಳು.

ಬಸುರಿಯ ಬಯಕೆ ಏನೋ ಅದನ್ನೇ ಮೊದಲು ಮಡಿಲಿಗೆ ಹಾಕುವುದು, ಹಾಕುವವರು ಅದನ್ನು ಕೊಟ್ಟ ಮನೆಯವರಾದರೆ ಇನ್ನೂ ಒಳ್ಳೆಯದು ಅಂತ ಪುಟ್ಟತಾಯಮ್ಮ ಬ್ರಾಹ್ಮಿಯನ್ನು ಕರೆದಳು. ಬ್ರಾಹ್ಮಿ ಹರಿವಾಣ ನೋಡಿ ತಡೆದು ನಿಂತಳು. ಹುಟ್ಟಾ ಮುಟ್ಟದ್ದು. ಆಮೇಲೆ, ನಾನೇನು ತಿನ್ನಬೇಕಾ, ತಾಯಾಗೋಳ ಮಡಿಲಿಗೆ ಹಾಕೋದಲ್ವಾ ಅಂತ ತನಗೇ ಸಮಾಧಾನ ಹೇಳಿಕೊಂಡು, ಎರಡು ಕೈ ಜೋಡಿಸಿ ಬೊಗಸೆ ಮಾಡಿದಳು. ಆ ಬೊಗಸೆ ಗೋಪುರದ ಬುಡಕ್ಕೆ ಹೋಗುವುದನ್ನು ಪದ್ಮರಾಜಯ್ಯ ಕುರ್ಚಿಯಿಂದ ನೋಡಿದ. ಇಪ್ಪತ್ತು ವರ್ಷ ಅವನ ಅಂಗಿಯನ್ನು ಹಿತ್ತಿಲಲ್ಲಿ ಬಿಚ್ಚಿಸಿದ ಕೈ. ಅವನು ಎದ್ದು ನಿಂತದ್ದು ಅವನಿಗೇ ಗೊತ್ತಾಗಲಿಲ್ಲ. ಅದು ಬೇಡ ಅಂದ. ಸ್ವರ ಎಷ್ಟು ಗಟ್ಟಿಯಾಗಿತ್ತೆಂದರೆ ಶಾಮಿಯಾನದ ಹೊರಗೆ ಕಟ್ಟಿದ್ದ ಹಸುವೂ ಮೆಲುಕು ನಿಲ್ಲಿಸಿತು. ಎಲ್ಲರೂ ತಿರುಗಿ ನೋಡಿದರು. ಬೇಡ, ಅದನ್ನ ಹಾಕಬೇಡಿ ಅಂತ ಮತ್ತೊಮ್ಮೆ ಮೆಲ್ಲಗೆ ಅಂದ. ಮುಂದಿನ ಮಾತು ಗಂಟಲಿಗೆ ಬರುವಷ್ಟರಲ್ಲಿ ಪುಟ್ಟತಾಯಮ್ಮ ಹಣೆ ಚಚ್ಚಿಕೊಂಡಿದ್ದಳು.

"ಅಯ್ಯೋ ನನ್ ಬುದ್ದಿಗಿಷ್ಟು. ಗಡ್ಡೆ ಅಲ್ವಾ ಸಾ ಅದು. ನಿಮ್ಮೋರು ಮುಟ್ಟದಿಲ್ಲ. ಅಮ್ಮಾರ ಕೈಗೆ ಕೊಟ್ಬುಟ್ನಲ್ಲ, ತಪ್ಪಾಯ್ತು ಕಣವ್ವ. ಲೋ ಕುಮಾರ, ಎತ್ತು ಅದ ಇಲ್ಲಿಂದ."

ಕುಮಾರ್ ಹರಿವಾಣ ಎತ್ತಿಕೊಂಡು ಹೋದ. ಹೆಂಗಸರು ಬ್ರಾಹ್ಮಿಯ ಕೈಗೆ ನೀರು ಹಾಕಿ ತೊಳೆದು, ಸೆರಗಿನಿಂದ ಒರೆಸಿ, ಕೊಬ್ಬರಿ ಮಿಠಾಯಿಯ ತಟ್ಟೆ ಮುಂದೆ ಸರಿಸಿದರು. ವ್ರತ ನೇಮ ಅಂದ್ರೆ ಹಂಗಿರಬೇಕು, ಕಟ್ಟಿಕೊಂಡ ಹೆಂಡತಿಯನ್ನೂ ನಾಕು ಜನದ ಮುಂದೆ ತಡೆದುಬಿಟ್ಟರಲ್ಲ ಅಂತ ಯಾರೋ ಮುದುಕಿ ಮೆಚ್ಚಿಕೊಂಡಳು. ಬ್ರಾಹ್ಮಿಯ ಮುಖವೂ ಅರಳಿತು. ಪದ್ಮರಾಜಯ್ಯ ಕೂತ. ಮಾಡಿದ ಪಾಪ ಹೊಟ್ಟೆಯೊಳಗೇ ಉಳಿಯಿತು, ಮೇಲೆ ಪುಣ್ಯಾತ್ಮನೆಂಬ ಹೆಸರು ಬೇರೆ ಬಂತು. ಹೀಗೆ ಎಷ್ಟು ಸಲ ಆಗಿದೆ ಅಂತ ನೆನೆದ. ಅವನು ತಪ್ಪು ಮಾಡಿದಾಗಲೆಲ್ಲ ಜನ ಹೊಸದೊಂದು ಒಳ್ಳೆಯ ಕಾರಣ ಕಟ್ಟಿ ತಂದು ಅವನಿಗೆ ಹೊದಿಸುತ್ತಾರೆ. ಅವನು ಬೇಡ ಅನ್ನದೆ ಹೊದ್ದುಕೊಳ್ಳುತ್ತಾನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ತೂಕದ ಯಂತ್ರ ಅವನ ಕೈಯಿಂದ ಬಿದ್ದು ಕೆಟ್ಟಾಗ, ಪಾಪ ಸಾಹೇಬರು ಇರುವೆ ತುಳಿಯಬಾರದು ಅಂತ ಕಾಲು ಎತ್ತಿ ಇಟ್ಟರು, ಅದಕ್ಕೇ ಜಾರಿದ್ದು ಅಂದಿದ್ದರು. ಅಲ್ಲಿ ಇರುವೆ ಇರಲಿಲ್ಲ.

ಶಾಸ್ತ್ರ ಮುಗಿದು ಹೆಂಗಸರು ಊಟದ ಕಡೆ ಚದುರಿದಾಗ ಪುಟ್ಟತಾಯಮ್ಮ ಅವನ ಕುರ್ಚಿಯ ಹತ್ತಿರ ಬಂದು ನಿಂತಳು. ಈಗ ಹೇಳಬೇಕು. ಅವನು ಎದ್ದು ಕೈಮುಗಿದ. ಬಾಯಿಂದ ಬಂದದ್ದು ಬೆಳಿಗ್ಗೆಯ ಸಾಲು. ಅಷ್ಟು ಸಲ ಕಳಿಸಿ ಕಳಿಸಿ ಅದೊಂದೇ ನಾಲಿಗೆಯ ತುದಿಯಲ್ಲಿತ್ತು. ಗೊತ್ತಿದ್ದೋ ಗೊತ್ತಿಲ್ಲದೆಯೋ ನನ್ನಿಂದ ನಿಮ್ಮ ಮನೆಗೆ ನೋವಾಗಿದ್ದರೆ ಕ್ಷಮಿಸಬೇಕು ಪುಟ್ಟತಾಯಮ್ಮ, ನಾಳೆ ನಮ್ಮ ಹಬ್ಬ, ನಮ್ಮಲ್ಲಿ ಹೀಗೆ ಕೇಳೋದು ಪದ್ಧತಿ ಅಂದ. ಪದ್ಧತಿ ಅನ್ನುವಾಗ ಅವನಿಗೆ ತನ್ನ ಕಿವಿಯೇ ನಾಚಿಕೆಯಿಂದ ಕಾದಂತಾಯಿತು. ಪುಟ್ಟತಾಯಮ್ಮನಿಗೆ ಕಣ್ಣು ತುಂಬಿ ಬಂತು. ದೊಡ್ಡವರು ನೀವು ನಮ್ಮ ಹತ್ರ ಕ್ಷಮೆ ಕೇಳಬಹುದಾ ಅಂದಳು. ಮತ್ತೆ ಪದ್ಧತಿ ಅಂದಮೇಲೆ ಇಲ್ಲ ಅನ್ನಬಾರದೇನೋ ಅಂದುಕೊಂಡು, ಆಯ್ತು ಸಾ, ಕ್ಷಮಿಸ್ದೆ, ಏನಿದ್ರೂ ಕ್ಷಮಿಸ್ದೆ ಅಂತ ಮಗುವಿಗೆ ಹೇಳುವ ಹಾಗೆ ಹೇಳಿದಳು.

ಮುಗಿಯಿತು. ಕೇಳಿದ್ದು ನಿಜ, ಕೊಟ್ಟದ್ದು ನಿಜ. ಏನಿದ್ದರೂ ಅಂತ ಅವಳೇ ಅಂದಿದ್ದಾಳೆ. ಅದರೊಳಗೆ ಇದೂ ಬಂತು. ಶನಿವಾರದಿಂದ ಏನೋ ನೆವ ಹೇಳಿ ನಿಲ್ಲಿಸಿಬಿಡಬಹುದು. ಪದ್ಮರಾಜಯ್ಯ ಕೈ ತೊಳೆಯುವ ನೆಪ ಮಾಡಿ ಹಿತ್ತಿಲ ಕಡೆ ನಡೆದ. ಅಡುಗೆಮನೆಯ ಮಗ್ಗುಲಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ದೀಪಶ್ರೀ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಕುಮಾರ್ ತಂದಿಟ್ಟ ಹಿತ್ತಾಳೆಯ ಹರಿವಾಣ ಅವಳ ತೊಡೆಯ ಮೇಲಿತ್ತು. ಗುಲಾಬಿಯನ್ನು ತೆಗೆದು ಪಕ್ಕಕ್ಕಿಟ್ಟು, ಯಾರಿಗೂ ಕೇಳಿಸಬಾರದೆಂದು ಒಂದೊಂದೇ ಚಿಪ್ಸನ್ನು ನಾಲಿಗೆಯ ಮೇಲಿಟ್ಟು, ನೆನೆಯಲು ಬಿಟ್ಟು, ಆಮೇಲೆ ಮೆಲ್ಲುತ್ತಿದ್ದಳು. ಜೈನರ ಮನೆಯವರ ಕಿವಿಗೆ ಗಡ್ಡೆ ಮುರಿಯುವ ಸದ್ದು ಬೀಳದಿರಲಿ ಅನ್ನುವ ಮರ್ಯಾದೆ. ಅವನನ್ನು ಕಂಡು ಗಾಬರಿಯಾಗಿ ಹರಿವಾಣಕ್ಕೆ ಸೆರಗು ಮುಚ್ಚಿದಳು. ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದಳು.

ಆ ತಗ್ಗಿದ ತಲೆಯನ್ನು ಪದ್ಮರಾಜಯ್ಯನಿಗೆ ನೋಡಲಾಗಲಿಲ್ಲ. ಒಳಗೆ ಹೋಗಿ ಹರಿವಾಣವನ್ನು ಅವಳ ತೊಡೆಯಿಂದ ತೆಗೆದುಕೊಂಡ. ಪುಟ್ಟತಾಯಮ್ಮ ಹಿಂದೆಯೇ ಬಂದಳು, ಅವಳ ಹಿಂದೆ ಬ್ರಾಹ್ಮಿ, ಬಾಗಿಲಲ್ಲಿ ಕುಮಾರ್. ಅವನು ಹರಿವಾಣವನ್ನು ಎದೆಗೆ ಹಿಡಿದುಕೊಂಡು, ನಿಂತ ನಿಲುವಿನಲ್ಲಿ ಹೇಳಿದ. ಗಡ್ಡೆ ಅಂತ ಬೇಡ ಅಂದದ್ದಲ್ಲ. ಇದರಲ್ಲಿ ಕೆಟ್ಟದ್ದು ಇದೆ. ಪ್ಯಾಕೆಟ್ಟಿನಿಂದ ಹೆಕ್ಕಿಸಿ ತೆಗೆಸೋದೇ ಅದಕ್ಕೆ. ಬಸುರಿಯರು ತಿನ್ನಬಾರದು, ಮಕ್ಕಳು ತಿನ್ನಬಾರದು. ಲ್ಯಾಬಿನಲ್ಲಿ ನೋಡಿ ಹೇಳಿದ್ದಾರೆ. ಇಷ್ಟು ಹೇಳುವುದಕ್ಕೆ ಒಂದೇ ಉಸಿರು ಸಾಕಾಯಿತು. ಮುಂಗಾರಿನಿಂದ ಇಲ್ಲಿಯವರೆಗೆ ಹೊರಳಿಸಿದ ಮಾತು ಇಷ್ಟು ಸಣ್ಣದೇ ಅಂತ ಅವನಿಗೇ ಆಶ್ಚರ್ಯವಾಯಿತು.

ದೀಪಶ್ರೀಯ ಕೈ ಹೊಟ್ಟೆಯ ಮೇಲೆ ಬಂತು. "ಮಗೀಗೇನಾರ ಆಯ್ತದಾ ಸಾ?"

"ಆಗುತ್ತೆ ಅನ್ನೋಕೂ ಬರಲ್ಲಮ್ಮ, ಆಗಲ್ಲ ಅನ್ನೋಕೂ ನನಗೆ ಬರಲ್ಲ. ಡಾಕ್ಟರಿಗೆ ತಿಂದಿದ್ದನ್ನ ಹೇಳು. ಇನ್ನು ಮುಟ್ಟಬೇಡ."

ಕುಮಾರ್ ಏ ಅಂತ ಒಂದು ಹೆಜ್ಜೆ ಮುಂದೆ ಬಂದ. ಪುಟ್ಟತಾಯಮ್ಮ ಕೈ ಅಡ್ಡ ಹಿಡಿದು ಮಗನನ್ನು ತಡೆದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಬೆಲ್ಟಿನ ಮುಂದೆ ನಿಂತಾಗ ಇರುವ ಮುಖ, ಹರಿದು ಹೋಗುವುದರಲ್ಲಿ ಒಂದನ್ನೇ ಹಿಡಿಯಲು ಕಾಯುವ ಮುಖ.

"ಯಾವತ್ತಿಂದ ಗೊತ್ತಿತ್ತು ಸಾ ನಿಮ್ಗೆ?"

"ಮಳೆ ಶುರುವಾದಾಗಿಂದ."

"ಸೊಸೆ ಬಸುರಿ ಅಂತ ನಾ ಏಳುದ್ನಲ್ಲ, ಆವತ್ತು?"

"ಗೊತ್ತಿತ್ತು."

"ಆವತ್ತು ಎರಡು ಚೀಲ ಕೊಟ್ರಿ."

ಪದ್ಮರಾಜಯ್ಯ ತಲೆಯಾಡಿಸಿದ. ಇದಕ್ಕೂ ಯಾರಾದರೂ ಒಂದು ಒಳ್ಳೆಯ ಕಾರಣ ತಂದು ಹೊದಿಸುತ್ತಾರೇನೋ ಅಂತ ಒಳಗೆಲ್ಲೋ ಇನ್ನೂ ಕಾಯುತ್ತಿದ್ದ. ಯಾರೂ ತರಲಿಲ್ಲ. ಬ್ರಾಹ್ಮಿ ತನ್ನ ತೊಳೆದ ಕೈಗಳನ್ನು ನೋಡಿಕೊಳ್ಳುತ್ತಿದ್ದಳು.

"ಈಗ್ತಾನೆ ಕ್ಷಮಿಸ್ದೆ ಅಂದ್ನಲ್ಲ ಸಾ," ಅಂದಳು ಪುಟ್ಟತಾಯಮ್ಮ. "ಅದ ನಾ ವಾಪಸ್ ತಕಂಡಿವ್ನಿ."

ಅಷ್ಟು ಹೇಳಿ ಹರಿವಾಣವನ್ನು ಅವನ ಕೈಯಿಂದ ತೆಗೆದುಕೊಂಡು ಹಿತ್ತಿಲಿಗೆ ಹೋದಳು. ತಿಪ್ಪೆಯ ಮೇಲೆ ಸುರಿದ ಸದ್ದು ಒಣಗಿದ ಎಲೆ ಸುರಿದ ಹಾಗೆ ಕೇಳಿಸಿತು. ಕುಮಾರ್ ಫೋನು ಹಿಡಿದು ಆಸ್ಪತ್ರೆಯ ನಂಬರು ಹುಡುಕುತ್ತ ಹೆಂಡತಿಯ ಪಕ್ಕ ಕೂತ. ಪದ್ಮರಾಜಯ್ಯ ಬ್ರಾಹ್ಮಿಯ ಕಡೆ ನೋಡದೆ, ಹೊರಡೋಣ ಅಂದ. ಸೋಮವಾರ ಬೆಲ್ಟಿನ ಮುಂದೆ ಉಳಿದ ಹೆಂಗಸರಿಗೂ ಹೇಳಬೇಕು. ಅವರು ಏನೇನು ಅನ್ನುತ್ತಾರೋ ಅನ್ನುವುದರ ಬಿಸಿ ಈಗಲೇ ಬೆನ್ನಿಗೆ ತಾಗುತ್ತಿತ್ತು. ಇಬ್ಬರೂ ಚಪ್ಪಲಿ ಹುಡುಕುತ್ತಿರುವಾಗ ಪುಟ್ಟತಾಯಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಿಗೆ ಅಡ್ಡ ನಿಂತಳು. ಮಡಿಲು ತುಂಬಿದ ಮನೆಯಿಂದ ಯಾರೂ ಉಣ್ಣದೆ ಹೋಗಬಾರದು, ಅದು ಬಸುರಿಗೆ ಒಳ್ಳೆಯದಲ್ಲ, ಎಲೆ ಹಾಕಿ ಆಗಿದೆ ಅಂದಳು. ಅವನ ಮುಖ ನೋಡಿ ಹೇಳಲಿಲ್ಲ. ಕೈಯನ್ನು ನೋಡಿ ಹೇಳಿದಳು.

ಪಂಕ್ತಿಯಿಂದ ಬೇರೆಯಾಗಿ, ಹಜಾರದ ಮೂಲೆಯಲ್ಲಿ ಎರಡೇ ಎಲೆ ಹಾಕಿದ್ದರು. ಎಲೆಯ ಪಕ್ಕ ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ಹೊಸ ತಂಬಿಗೆ. ಅಡುಗೆಯೂ ಬೇರೆ ಒಲೆಯ ಮೇಲೆ, ಹೊಸ ಪಾತ್ರೆಯಲ್ಲಿ ಆಗಿತ್ತು. ದೀಪಶ್ರೀಯ ತವರು ಚನ್ನರಾಯಪಟ್ಟಣದ ಕಡೆ; ಅಲ್ಲಿ ಪಕ್ಕದಲ್ಲಿರುವ ಜೈನರ ಮನೆಗೆ ಅವಳೇ ಫೋನ್ ಮಾಡಿ, ಅವರು ಏನು ಉಣ್ಣುತ್ತಾರೆ, ಏನು ಮುಟ್ಟುವುದಿಲ್ಲ ಅಂತ ಒಂದೊಂದೂ ಕೇಳಿ ಅತ್ತೆಗೆ ಹೇಳಿದ್ದಳಂತೆ. ಇದನ್ನು ಬಡಿಸಲು ಬಂದ ನೆರೆಮನೆಯ ಹೆಂಗಸು, ಒಳಗೆ ಏನಾಯಿತೆಂದು ತಿಳಿಯದವಳು, ಸಂಭ್ರಮದಿಂದ ಹೇಳಿದಳು. ಪುಟ್ಟತಾಯಮ್ಮ ಅವಳ ಕೈಯಿಂದ ಸೌಟು ತೆಗೆದುಕೊಂಡು ತಾನೇ ಬಗ್ಗಿದಳು. ಪಲ್ಯ ಬಡಿಸಿದಳು. ಸಾರು ಬಡಿಸಿದಳು. ನಿನ್ನೆಯಿಡೀ ಉಪವಾಸವಿದ್ದ ಪದ್ಮರಾಜಯ್ಯನ ಹೊಟ್ಟೆ, ಮಾನ ಮರ್ಯಾದೆಯಿಲ್ಲದೆ, ಸಾರಿನ ವಾಸನೆಗೆ ಗೊಳ್ ಎಂದು ಸದ್ದು ಮಾಡಿತು. ಎಲ್ಲರಿಗೂ ಕೇಳಿಸಿತು. ಅವನ ಕೈ ಮಾತ್ರ ಎಲೆಯ ಅಂಚಿನಲ್ಲೇ ಇತ್ತು.

"ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಸುಂಟಿ ಇಲ್ಲ, ಗಡ್ಡೆ ಅನ್ನೋದು ಒಲೆ ತಾವ್ಕೇ ತಂದಿಲ್ಲ," ಅಂದಳು ಪುಟ್ಟತಾಯಮ್ಮ, ಒಂದೇ ಸಮನಾದ ಸ್ವರದಲ್ಲಿ. "ನೀರ್ನೂ ಸೋಸಿವ್ನಿ. ಧೈರ್ಯವಾಗಿ ಉಣ್ಣಿ ಸಾ."

ಅವಳು ಸೌಟು ಹಿಡಿದು ಅಲ್ಲೇ ನಿಂತಳು. ಪದ್ಮರಾಜಯ್ಯ ಅನ್ನ ಕಲಸಿ, ತುತ್ತು ಮಾಡಿ, ಬಾಯಿಗಿಟ್ಟ. ಸಾರು ಬಹಳ ಚೆನ್ನಾಗಿತ್ತು.